ಆನೆಕಾಲು ರೋಗ: ಊದಿದ ಕಾಲನ್ನು ದಿನನಿತ್ಯ ನೋಡಿಕೊಳ್ಳುವ ಕ್ರಮ

ಆನೆಕಾಲು ರೋಗದ ಬಗ್ಗೆ ಎರಡು ನಂಬಿಕೆಗಳು ಜನರಲ್ಲಿ ಬೇರೂರಿವೆ. ಕಾಲು ಒಮ್ಮೆ ಊದಿಕೊಂಡರೆ ಮುಂದೆ ಮಾಡುವುದಕ್ಕೆ ಏನೂ ಉಳಿದಿಲ್ಲ ಎಂಬುದು ಒಂದು. ಜಂತುವಿನ ಮಾತ್ರೆ ನುಂಗಿದರೆ ಊತ ತಾನಾಗಿಯೇ ಇಳಿದುಹೋಗುತ್ತದೆ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಮೊದಲನೆಯದು ರೋಗಿಯನ್ನು ಕೈಚೆಲ್ಲಿ ಕೂರಿಸುತ್ತದೆ, ಎರಡನೆಯದು ಮಾತ್ರೆಯ ದಾರಿ ಕಾಯುತ್ತ ಕೂರಿಸುತ್ತದೆ. ಇವೆರಡರ ನಡುವೆ ಕಾಲನ್ನು ದಿನವೂ ತೊಳೆದು, ಒರೆಸಿ, ಬೆರಳು ಸಂದುಗಳನ್ನು ಪರೀಕ್ಷಿಸುವ ಕೆಲಸ ಹಿಂದೆ ಬೀಳುತ್ತದೆ. ಕಾಲು ಊದಿದ ಮೇಲೆ ಅದು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುವುದಕ್ಕೆ ಮುಖ್ಯ ಕಾರಣ ಚರ್ಮದ ಬಿರುಕುಗಳಿಂದ ಒಳಹೊಕ್ಕು ಪದೇಪದೇ ಜ್ವರ ತರಿಸುವ ಬ್ಯಾಕ್ಟೀರಿಯಾ. ಈ ಲೇಖನದ ಹೆಚ್ಚಿನ ಭಾಗ ಆ ಬಿರುಕುಗಳ ಸುತ್ತಲೇ ಇರುವುದು ಅದಕ್ಕಾಗಿ.

ಊತ ಬರುವುದು ಹೇಗೆ

ರೋಗವನ್ನು ಆರಂಭಿಸುವುದು ದಾರದಂತೆ ತೆಳ್ಳಗಿರುವ ಮೂರು ಜಾತಿಯ ಜಂತುಗಳು: ವುಚೆರೇರಿಯಾ ಬ್ಯಾಂಕ್ರಾಫ್ಟಿ, ಬ್ರೂಜಿಯಾ ಮಲಾಯಿ ಮತ್ತು ಬ್ರೂಜಿಯಾ ಟಿಮೋರಿ. ಜಗತ್ತಿನ ಸುಮಾರು 90 ಶೇಕಡಾ ಪ್ರಕರಣಗಳಿಗೆ ಮೊದಲನೆಯದೇ ಕಾರಣ. ಸೋಂಕು ಇರುವವರ ರಕ್ತವನ್ನು ಸೊಳ್ಳೆ ಹೀರಿದಾಗ ಮೈಕ್ರೋಫೈಲೇರಿಯಾ ಎಂಬ ಸೂಕ್ಷ್ಮ ಮರಿಗಳು ಅದರ ಹೊಟ್ಟೆ ಸೇರುತ್ತವೆ. ಎರಡು ವಾರಗಳ ಆಸುಪಾಸಿನಲ್ಲಿ ಬಲಿತು, ಆ ಸೊಳ್ಳೆ ಇನ್ನೊಬ್ಬರನ್ನು ಕಚ್ಚುವಾಗ ಚರ್ಮದ ಮೇಲೆ ಇಳಿದು, ಕಚ್ಚಿದ ಗಾಯದ ಮೂಲಕವೇ ಒಳನುಸುಳುತ್ತವೆ. ಪಟ್ಟಣಗಳಲ್ಲಿ ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ, ಹಳ್ಳಿಗಾಡಿನಲ್ಲಿ ಅನೇಕ ಕಡೆ ಅನಾಫಿಲಿಸ್, ಪೆಸಿಫಿಕ್ ದ್ವೀಪಗಳಲ್ಲಿ ಈಡಿಸ್ ಈ ಕೆಲಸ ಮಾಡುತ್ತವೆ. ಒಂದೆರಡು ಕಡಿತಕ್ಕೆ ರೋಗ ಬರುವುದು ಅಪರೂಪ. ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋಂಕಿನ ಸೊಳ್ಳೆಗಳಿಂದ ಕಚ್ಚಿಸಿಕೊಂಡವರಲ್ಲಿ ಸೋಂಕು ನೆಲೆಯೂರುತ್ತದೆ. ರೋಗಿಯನ್ನು ಮುಟ್ಟುವುದರಿಂದ, ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಇದು ಹರಡುವುದಿಲ್ಲ, ವಂಶಪಾರಂಪರ್ಯವಾಗಿಯೂ ಬರುವುದಿಲ್ಲ.

ಸೊಳ್ಳೆಗೂ ಈ ಜಂತುವಿಗೂ ಇರುವ ನಂಟನ್ನು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ತೋರಿಸಿಕೊಟ್ಟ. ಕೀಟವೊಂದು ಮನುಷ್ಯನ ರೋಗದ ಜಂತುವನ್ನು ತನ್ನೊಳಗೆ ಬೆಳೆಸುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆಗಳಲ್ಲಿ ಅದೂ ಒಂದು. ಆದರೆ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ಸೋಂಕು ತಗಲುತ್ತದೆ ಎಂದೇ ಅವನು ಬಹಳ ಕಾಲ ಭಾವಿಸಿದ್ದ. ಕಡಿತದಿಂದಲೇ ಹರಡುತ್ತದೆ ಎಂಬುದು ಸ್ಪಷ್ಟವಾಗಲು 1900ರವರೆಗೆ ಕಾಯಬೇಕಾಯಿತು.

ದೇಹದೊಳಗೆ ಬೆಳೆದ ಜಂತುಗಳು ದುಗ್ಧನಾಳಗಳಲ್ಲಿ ಮನೆಮಾಡಿಕೊಂಡು ಸರಾಸರಿ 6ರಿಂದ 8 ವರ್ಷ ಬದುಕುತ್ತವೆ. ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವುದು, ದಾರಿಯಲ್ಲಿ ರೋಗಾಣುಗಳನ್ನು ಸೋಸುವುದು ಈ ನಾಳಗಳ ಕೆಲಸ. ಜಂತುಗಳು ಇರುವಲ್ಲಿ ನಾಳ ಹಿಗ್ಗುತ್ತದೆ, ಅದರೊಳಗಿನ ಕವಾಟಗಳು ಕೆಡುತ್ತವೆ, ದ್ರವ ಮೇಲೆ ಹೋಗದೆ ಕೆಳಗೇ ನಿಲ್ಲುತ್ತದೆ. ಸೋಂಕು ತಗಲಿದ ಬಹಳಷ್ಟು ಜನರಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಹೊಕ್ಕ ಸೋಂಕು ನಡುವಯಸ್ಸಿನಲ್ಲಿ ಊತವಾಗಿ ಹೊರಬೀಳುವುದೂ ಉಂಟು. ದ್ರವ ನಿಂತ ಕಾಲಿಗೆ ರೋಗಾಣುಗಳನ್ನು ತಡೆಯುವ ಶಕ್ತಿ ಕಡಿಮೆ. ಬೇರೆಯವರಿಗೆ ಲೆಕ್ಕಕ್ಕೇ ಬಾರದ ಒಂದು ಸಣ್ಣ ಕೆಸರುಹುಣ್ಣಿನಿಂದ ಇಂಥ ಕಾಲಿನಲ್ಲಿ ಚಳಿಜ್ವರ ಏಳುತ್ತದೆ, ಪ್ರತಿ ಜ್ವರವೂ ಇನ್ನಷ್ಟು ನಾಳಗಳನ್ನು ಕೆಡಿಸಿ ಚರ್ಮವನ್ನು ಇನ್ನಷ್ಟು ಗಡುಸಾಗಿಸಿ ಹೋಗುತ್ತದೆ.

ಮೊದಲ ಹೆಜ್ಜೆ: ಇದು ಆನೆಕಾಲೇ ಎಂದು ತಿಳಿದುಕೊಳ್ಳಿ

ಕಾಲು ಊದಿದ್ದೆಲ್ಲ ಆನೆಕಾಲಲ್ಲ. ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿಂದ ಬರುವ ಊತ ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಒಂದೇ ಕಾಲು ದಿಢೀರನೆ ಊದಿ, ಮೀನಖಂಡ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ. ಉಬ್ಬಿದ ರಕ್ತನಾಳಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ದುಗ್ಧಗ್ರಂಥಿಗಳನ್ನು ತೆಗೆದುಹಾಕಿರುವುದು, ಇವೂ ಊತಕ್ಕೆ ಕಾರಣಗಳು. ಜ್ವಾಲಾಮುಖಿ ಮಣ್ಣಿರುವ ಎತ್ತರದ ಪ್ರದೇಶಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಮಣ್ಣಿನ ಸೂಕ್ಷ್ಮ ಕಣಗಳಿಂದಲೇ ಬರುವ ಪೊಡೊಕೊನಿಯೋಸಿಸ್ ಎಂಬ ಇನ್ನೊಂದು ಕಾಲೂತವಿದೆ. ಅದರಲ್ಲಿ ಜಂತುವಿನ ಪಾತ್ರವಿಲ್ಲ. ಊತ ಪಾದದಿಂದ ಆರಂಭವಾಗಿ ಹೆಚ್ಚಾಗಿ ಎರಡೂ ಕಾಲುಗಳಲ್ಲಿ ಮೊಣಕಾಲ ಕೆಳಗೇ ನಿಲ್ಲುತ್ತದೆ. ಕಾರಣ ಬೇರೆಯಾದರೂ ಮುಂದೆ ಹೇಳುವ ಆರೈಕೆ ಆ ರೋಗಕ್ಕೂ ಸಲ್ಲುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆ ಇದೆ. ಕಾಲಿನ ಎರಡನೆಯ ಬೆರಳಿನ ಬುಡದಲ್ಲಿ, ಮೇಲ್ಭಾಗದ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿ ಎತ್ತಲು ನೋಡಿ. ಆರೋಗ್ಯವಂತ ಕಾಲಿನಲ್ಲಿ ಚರ್ಮ ತೆಳುವಾಗಿ ಮಡಿಚಿಕೊಂಡು ಮೇಲೆ ಬರುತ್ತದೆ. ದುಗ್ಧದ್ರವ ನಿಂತ ಕಾಲಿನಲ್ಲಿ ಚರ್ಮ ದಪ್ಪಗಾಗಿ ಬೆರಳಿಗೆ ಸಿಗುವುದೇ ಇಲ್ಲ. ಆರಂಭದಲ್ಲಿ ಇದು ಕಾಣಿಸದೆ ಇರಬಹುದು, ಹಾಗಾಗಿ ಚರ್ಮ ಎದ್ದುಬಂತೆಂದು ನಿಶ್ಚಿಂತರಾಗಿ ಕೂರಬೇಡಿ.

ರಕ್ತ ಪರೀಕ್ಷೆಯ ವಿಷಯದಲ್ಲಿ ಎರಡು ಸಂಗತಿಗಳು ತಿಳಿದಿರಬೇಕು. ಹೆಚ್ಚಿನ ಪ್ರದೇಶಗಳಲ್ಲಿ ಮೈಕ್ರೋಫೈಲೇರಿಯಾಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ರಾತ್ರಿ ಹೊರರಕ್ತಕ್ಕೆ ಬರುತ್ತವೆ. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಲು ರಾತ್ರಿ 10ರಿಂದ 2ರ ನಡುವೆ ಬೆರಳಿನಿಂದ ರಕ್ತ ತೆಗೆಯುತ್ತಾರೆ. ವುಚೆರೇರಿಯಾ ಸೋಂಕನ್ನು ಹಗಲಿನಲ್ಲೂ ಪತ್ತೆಹಚ್ಚುವ ಪ್ರತಿಜನಕ (ಜಂತು ರಕ್ತಕ್ಕೆ ಬಿಡುವ ವಸ್ತು) ಪರೀಕ್ಷಾಪಟ್ಟಿಗಳು ಈಗ ಇವೆ. ಎರಡನೆಯದಾಗಿ, ಕಾಲು ಊದಿ ವರ್ಷಗಳಾದವರಲ್ಲಿ ಪರೀಕ್ಷೆ ಬಹುಪಾಲು ಏನನ್ನೂ ತೋರಿಸುವುದಿಲ್ಲ, ಏಕೆಂದರೆ ಜಂತುಗಳು ಎಂದೋ ಸತ್ತಿರುತ್ತವೆ. ವರದಿಯಲ್ಲಿ ರೋಗವಿಲ್ಲ ಎಂದು ಬಂದಮಾತ್ರಕ್ಕೆ ಆ ಊತ ಆನೆಕಾಲಲ್ಲ ಎಂದಾಗುವುದಿಲ್ಲ.

ಎರಡನೆಯ ಹೆಜ್ಜೆ: ಔಷಧದಿಂದ ಏನು ಸಾಧ್ಯ ಎಂಬ ಅರಿವು

ಡೈಈಥೈಲ್‌ಕಾರ್ಬಮಜೀನ್, ಅಂದರೆ ಡಿಇಸಿ, ರಕ್ತದಲ್ಲಿರುವ ಮರಿಗಳನ್ನು ಕೊಲ್ಲುತ್ತದೆ, ಬೆಳೆದ ಜಂತುಗಳಲ್ಲಿಯೂ ಕೆಲವನ್ನು ಕೊಲ್ಲುತ್ತದೆ. ಅದರೊಂದಿಗೆ ಆಲ್ಬೆಂಡಜೋಲ್, ಕೆಲವೆಡೆ ಐವರ್ಮೆಕ್ಟಿನ್ ಸೇರಿಸಿ ಕೊಡುತ್ತಾರೆ. ಮೂರನ್ನೂ ಒಟ್ಟಿಗೆ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕೆಲವು ಸನ್ನಿವೇಶಗಳಿಗೆ ಶಿಫಾರಸು ಮಾಡಿತು. ಜಂತುವಿನೊಳಗೆ ವೋಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ, ಅದಿಲ್ಲದೆ ಜಂತು ಬಹುಕಾಲ ಬಾಳದು. ಆ ಕಾರಣದಿಂದ ವೈದ್ಯರು ಕೆಲವರಿಗೆ ಹಲವು ವಾರಗಳ ಡಾಕ್ಸಿಸೈಕ್ಲಿನ್ ಕೊಡುವುದೂ ಇದೆ, ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಮಾತ್ರ ಇಲ್ಲ. ಇವು ಯಾವುವೂ ಅಂಗಡಿಯಿಂದ ತಂದು ತಾನೇ ನುಂಗಬಹುದಾದ ಮಾತ್ರೆಗಳಲ್ಲ. ಆಫ್ರಿಕಾದ ಕೆಲವು ಭಾಗಗಳಲ್ಲಿ ಕಣ್ಣು ಕಳೆಯುವ ಆಂಕೊಸರ್ಕಾ ಜಂತು ಸಹ ಇರುವವರು ಡಿಇಸಿ ತೆಗೆದುಕೊಂಡರೆ ಕಣ್ಣಿಗೇ ಅಪಾಯ.

ಮಾತ್ರೆಗಳು ಕೆಟ್ಟ ನಾಳಗಳನ್ನು ದುರಸ್ತಿ ಮಾಡುವುದಿಲ್ಲ. ಹಳೆಯ ಊತ ಅವುಗಳಿಂದ ಇಳಿಯುವುದನ್ನು ನಿರೀಕ್ಷಿಸಬೇಡಿ. ಹಾಗೆಂದು ಸಾಮೂಹಿಕವಾಗಿ ವರ್ಷಕ್ಕೊಮ್ಮೆ ಹಂಚುವ ಮಾತ್ರೆಯನ್ನು ಬೇಡವೆನ್ನುವುದೂ ಸರಿಯಲ್ಲ. ಅದರ ಉದ್ದೇಶ ಊರಿನ ರಕ್ತದಿಂದ ಮರಿಗಳನ್ನು ಖಾಲಿ ಮಾಡಿ, ಸೊಳ್ಳೆಗೆ ಒಯ್ಯಲು ಏನೂ ಸಿಗದಂತೆ ಮಾಡುವುದು. ತನಗೇನೂ ಆಗಿಲ್ಲ ಎನ್ನುವವರೇ ನುಂಗಬೇಕಾದ ಮಾತ್ರೆ ಅದು, ಮತ್ತು ನುಂಗದೆ ಜೇಬಿಗೆ ಹಾಕಿಕೊಳ್ಳುವವರೂ ಅವರೇ. ನುಂಗಿದ ಮೇಲೆ ಕೆಲವರಿಗೆ ಒಂದೆರಡು ದಿನ ಜ್ವರ, ತಲೆನೋವು, ತಲೆಸುತ್ತು ಬರುತ್ತದೆ. ಅದು ಬಹುಮಟ್ಟಿಗೆ ಸಾಯುತ್ತಿರುವ ಮರಿಗಳಿಗೆ ದೇಹ ತೋರಿಸುವ ಪ್ರತಿಕ್ರಿಯೆ. ಇದೇ ದಾರಿಯಲ್ಲಿ ನಡೆದು ಶ್ರೀಲಂಕಾ 2016ರಲ್ಲಿ, ಟೋಗೊ ಮತ್ತು ಥಾಯ್ಲೆಂಡ್ 2017ರಲ್ಲಿ ರೋಗವನ್ನು ಸಾರ್ವಜನಿಕ ಸಮಸ್ಯೆಯಾಗಿ ನಿವಾರಿಸಿದ ಮನ್ನಣೆ ಪಡೆದವು.

ಮೂರನೆಯ ಹೆಜ್ಜೆ: ದಿನವೂ ಕಾಲು ತೊಳೆಯುವುದು

ಕೇಳಲು ಸಪ್ಪೆಯೆನಿಸುವ ಈ ಹೆಜ್ಜೆಗೆ ಉಳಿದೆಲ್ಲ ಹೆಜ್ಜೆಗಳಿಗಿಂತ ಹೆಚ್ಚು ಬೆಲೆಯಿದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ವೈದ್ಯೆ ಜೆರೂಸಾ ಡ್ರೇಯರ್ ಮತ್ತು ಸಂಗಡಿಗರು ರೋಗಿಗಳೊಂದಿಗೆ ಕೆಲಸ ಮಾಡುತ್ತ ಸೋಪು, ನೀರು ಮತ್ತು ಗಾಯಗಳ ಆರೈಕೆಯನ್ನೇ ಚಿಕಿತ್ಸೆಯ ಕೇಂದ್ರಕ್ಕೆ ತಂದರು. ಕಾಲೂತವನ್ನು ಏಳು ಹಂತಗಳಾಗಿ ವಿಂಗಡಿಸಿದವರೂ ಅವರೇ. ರಾತ್ರಿ ಮಲಗಿ ಎದ್ದರೆ ಇಳಿದುಹೋಗುವ ಊತ ಮೊದಲನೆಯ ಹಂತ; ಇನ್ನೊಬ್ಬರ ನೆರವಿಲ್ಲದೆ ದಿನದ ಕೆಲಸ ಸಾಗದಂಥದ್ದು ಏಳನೆಯದು. ತೊಳೆಯುವ ಕೆಲಸ ಯಾವ ಹಂತದವರಿಗೂ ತಪ್ಪದು, ಯಾವ ಹಂತದವರಿಗೂ ತಡವಾಗಿಲ್ಲ.

ಬೇಕಾಗುವ ವಸ್ತುಗಳು ಎಲ್ಲ ಮನೆಯಲ್ಲೂ ಇರುವಂಥವೇ: ಶುದ್ಧವಾದ ನೀರು, ಬೇಸಿನ್ನು, ಒಂದು ತಂಬಿಗೆ, ಘಾಟು ವಾಸನೆಯಿಲ್ಲದ ಸಾಧಾರಣ ಸೋಪು, ಮೆತ್ತಗಿನ ಎರಡು ಬಟ್ಟೆ, ಬೆರಳು ಸಂದಿಗೆ ಹೋಗುವಷ್ಟು ಸಣ್ಣದಾದ ಒಂದು ತುಂಡು ಬಟ್ಟೆ ಅಥವಾ ಗಾಯಕ್ಕೆ ಕಟ್ಟುವ ತೆಳು ಬಟ್ಟೆಪಟ್ಟಿ, ಮತ್ತು ಕೂರಲು ಒಂದು ಸ್ಟೂಲು. ನೀರು ಬಿಸಿಯಿರಬಾರದು. ಊದಿದ ಕಾಲಿಗೆ ಸ್ಪರ್ಶ ಕಡಿಮೆಯಾಗಿರಬಹುದು, ಆದ್ದರಿಂದ ಮಣಿಕಟ್ಟಿನ ಒಳಭಾಗದ ಮೇಲೆ ನೀರು ಹಾಕಿ ನೋಡಿಯೇ ಕಾಲಿಗೆ ಸುರಿಯಬೇಕು.

ಸೋಪು ಮುಟ್ಟುವ ಮೊದಲು ಬೆಳಕಿನಲ್ಲಿ ಕುಳಿತು ಕಾಲನ್ನು ಪೂರ್ತಿಯಾಗಿ ನೋಡಿ. ಬೆರಳುಗಳ ನಡುವೆ, ಚರ್ಮದ ಮಡಿಕೆಗಳ ಒಳಗೆ, ಹಿಮ್ಮಡಿಯಲ್ಲಿ, ಅಂಗಾಲಿನಲ್ಲಿ ಬಿಳಿಚಿದ ಅಥವಾ ಸುಲಿದ ಜಾಗ, ಬಿರುಕು, ತರಚು, ಕೀಟ ಕಚ್ಚಿದ ಗುರುತು, ಕೆಟ್ಟ ವಾಸನೆ ಇದೆಯೇ ಎಂದು ಹುಡುಕಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲನ್ನು ನೋಡಿಕೊಳ್ಳಬಹುದು, ಇಲ್ಲವೇ ಮನೆಯವರಿಗೆ ಹೇಳಬಹುದು. ಬಳಿಕ ಕಾಲನ್ನು ನೆನೆಸಿ, ಊತ ಎಲ್ಲಿ ಆರಂಭವಾಗುತ್ತದೋ ಆ ಮೇಲ್ಭಾಗದಿಂದ ಕೈಯಿಂದಲೇ ಸೋಪು ಹಚ್ಚುತ್ತ ಪಾದದ ಕಡೆಗೆ ಇಳಿಯಿರಿ. ಮಡಿಕೆಗಳನ್ನು ಒಂದು ಕೈಯಿಂದ ಬಿಡಿಸಿ ಹಿಡಿದು, ಸಣ್ಣ ಬಟ್ಟೆಯನ್ನು ಒಳಗೆ ಹಾಯಿಸಿ ತೊಳೆಯಬೇಕು; ಬೆರಳುಗಳನ್ನೂ ಹಾಗೆಯೇ ಒಂದೊಂದಾಗಿ. ಬ್ರಷ್ಷು, ತೆಂಗಿನ ನಾರು, ಕಲ್ಲು ಯಾವುದೂ ಬೇಡ. ಒರಟಾಗಿ ತಿಕ್ಕಿದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳು ಏಳುತ್ತವೆ ಮತ್ತು ನಾವು ಮುಚ್ಚಲು ಹೊರಟ ಬಾಗಿಲನ್ನೇ ಅವು ತೆರೆಯುತ್ತವೆ. ಬೇಸಿನ್ನಿಗೆ ಬೀಳುವ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ನೀರು ಸುರಿಯಿರಿ, ಏಕೆಂದರೆ ಮಡಿಕೆಯಲ್ಲಿ ಉಳಿದ ಸೋಪಿನ ಪಸೆಯೂ ಚರ್ಮವನ್ನು ಕೆಣಕುತ್ತದೆ. ಊದಿಲ್ಲದ ಇನ್ನೊಂದು ಕಾಲನ್ನೂ ಇದೇ ಕ್ರಮದಲ್ಲಿ ತೊಳೆಯಿರಿ.

ಒರೆಸುವ ಕೆಲಸವೇ ನಿಜವಾಗಿ ಕಷ್ಟದ್ದು, ಬಹುತೇಕರು ಅವಸರ ಮಾಡುವುದೂ ಅಲ್ಲೇ. ಬಟ್ಟೆಯನ್ನು ಒತ್ತಿ ಒತ್ತಿ ಎತ್ತುತ್ತ ನೀರನ್ನು ಹೀರಿಸಬೇಕು, ಉಜ್ಜಬಾರದು. ಪ್ರತಿ ಬೆರಳು ಸಂದಿಯಲ್ಲಿ ಒಣಬಟ್ಟೆಯ ತುದಿಯನ್ನು ತೂರಿಸಿ, ಹೊರತೆಗೆದು, ಬಟ್ಟೆ ಒದ್ದೆಯಾಗಿದೆಯೇ ಎಂದು ನೋಡಿ, ಒದ್ದೆಯಿದ್ದರೆ ಇನ್ನೊಮ್ಮೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುವವರಿಗೆ ಸಂದಿನಲ್ಲಿ ಒಣ ಹತ್ತಿಯ ತೆಳುಪದರವನ್ನು ಇಟ್ಟುಕೊಂಡು ಆಗಾಗ ಬದಲಿಸುವುದು ಅನುಕೂಲ. ತೇವ ಉಳಿದ ಸಂದಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಶಿಲೀಂಧ್ರ ಚರ್ಮವನ್ನು ಒಡೆಯುತ್ತದೆ, ಒಡೆದ ಚರ್ಮದಲ್ಲಿ ಬ್ಯಾಕ್ಟೀರಿಯಾ ಇಳಿಯುತ್ತದೆ. ಬಿಳಿಚಿ ಸುಲಿದು ತುರಿಸುವ ಸಂದಿಗೆ ಶಿಲೀಂಧ್ರನಾಶಕ ಮುಲಾಮು, ಕೀವು ಅಥವಾ ಹಸಿಗಾಯಕ್ಕೆ ಬ್ಯಾಕ್ಟೀರಿಯಾ ವಿರುದ್ಧದ ಮುಲಾಮು ಬೇಕು. ಯಾವುದು ಯಾವುದಕ್ಕೆ ಎಂದು ಒಮ್ಮೆ ಆರೋಗ್ಯ ಕಾರ್ಯಕರ್ತರಿಂದ ತೋರಿಸಿಕೊಂಡು ತಿಳಿದುಕೊಂಡರೆ ಮುಂದೆ ತಾವೇ ನಿಭಾಯಿಸಬಹುದು. ಒಣಗಿ ಬಿರಿಯುವ ಚರ್ಮಕ್ಕೆ ಸುವಾಸನೆಯಿಲ್ಲದ ಲೇಪ ಹಚ್ಚಿ, ಆದರೆ ಬೆರಳು ಸಂದಿಗೆ ಹಚ್ಚಬೇಡಿ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಕೆತ್ತಬಾರದು.

ನಾಲ್ಕನೆಯ ಹೆಜ್ಜೆ: ಕಾಲೆತ್ತಿ ಇಡುವುದು, ಆಡಿಸುವುದು, ಕಾಪಾಡುವುದು

ಕೂತಾಗ ಕಾಲನ್ನು ಸೊಂಟದ ಮಟ್ಟಕ್ಕೆ ಬರುವಂತೆ ಇನ್ನೊಂದು ಕುರ್ಚಿಯ ಮೇಲಿಟ್ಟು, ಮೊಣಕಾಲು ತುಸು ಬಾಗುವಂತೆ ಅದರ ಕೆಳಗೆ ದಿಂಬು ಕೊಡಿ. ಮಲಗುವಾಗ ಹಾಸಿಗೆಯ ಕಾಲ ಬದಿಯನ್ನು ಎತ್ತರಿಸಬಹುದು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೀಗೆ ಎತ್ತರಿಸಬಾರದು.

ದುಗ್ಧದ್ರವವನ್ನು ಮೇಲಕ್ಕೆ ತಳ್ಳಲು ಸ್ನಾಯುಗಳ ಒತ್ತಡವೂ ಬೇಕು, ಹಾಗಾಗಿ ನಿಂತಲ್ಲೇ ನಿಲ್ಲುವುದು, ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದು ಒಳ್ಳೆಯದಲ್ಲ. ಗೋಡೆ ಹಿಡಿದು ನಿಂತು ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ ಇಳಿಸುವುದು, ಕುಳಿತು ಪಾದವನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದುಕೊಳ್ಳುವುದು, ಹರಡನ್ನು ಎರಡೂ ದಿಕ್ಕಿಗೆ ತಿರುಗಿಸುವುದು ಸಾಕು. ನಡಿಗೆಯೂ ಒಳ್ಳೆಯದೇ. ನೋವು ಬರುವಷ್ಟು ಮಾಡಬೇಕಾಗಿಲ್ಲ.

ಮನೆಯೊಳಗೂ ಪಾದರಕ್ಷೆ ಇರಲಿ. ಅಗಲವಾಗಿ, ಗಾಳಿಯಾಡುವಂತೆ, ಪಟ್ಟಿಯನ್ನು ಸಡಿಲಿಸಿ ಬಿಗಿಸುವಂತೆ ಇರುವುದೇ ಒಳ್ಳೆಯದು. ಸಂಜೆ, ಕಾಲು ಹೆಚ್ಚು ಊದಿರುವ ಹೊತ್ತಿನಲ್ಲಿ, ಅಳತೆ ನೋಡಿ ಕೊಂಡರೆ ಕಚ್ಚುವುದಿಲ್ಲ. ಒತ್ತುಪಟ್ಟಿ ಸುತ್ತುವುದು ಕೆಲವರಿಗೆ ಬಹಳ ಗುಣ ಕೊಡುತ್ತದೆ, ಆದರೆ ತರಬೇತಾದವರು ಕಲಿಸಿದ ಮೇಲೆ ಮಾತ್ರ: ಕಾಲಿಗೆ ರಕ್ತ ಹರಿಯುವುದೇ ಕಡಿಮೆಯಿರುವವರಿಗೆ, ಗಾಯ ಕೀತಿರುವವರಿಗೆ, ಜ್ವರ ಬಂದಿರುವಾಗ ಪಟ್ಟಿ ಹಾನಿ ಮಾಡುತ್ತದೆ.

ಐದನೆಯ ಹೆಜ್ಜೆ: ಜ್ವರದ ಹೊಡೆತ ಬಂದಾಗ

ಚಳಿ ನಡುಕದೊಂದಿಗೆ ಜ್ವರ, ಕಾಲು ಕೆಂಪಗೆ ಬಿಸಿಯಾಗಿ ಮುಟ್ಟಲಾಗದಷ್ಟು ನೋಯುವುದು, ತೊಡೆಸಂದಿನಲ್ಲಿ ಗೆಡ್ಡೆ ಕಟ್ಟುವುದು, ಹೊಟ್ಟೆ ತೊಳಸುವುದು, ಇವು ಆ ಹೊಡೆತದ ಗುರುತುಗಳು. ಕೂಡಲೇ ಕೆಲಸ ಬಿಟ್ಟು ಕಾಲೆತ್ತಿಟ್ಟು ಮಲಗಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಾಲಿಗೆ ಹೊದಿಸಿ, ಬಟ್ಟೆ ಬೆಚ್ಚಗಾದಂತೆ ಬದಲಿಸಿ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ನೀರು ಹೆಚ್ಚು ಕುಡಿಯಿರಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಆಗುತ್ತದೆ. ನೋವು ತಾಳುವಷ್ಟಿದ್ದರೆ ಮೆಲ್ಲಗೆ ತೊಳೆದು ಒಣಗಿಸುವುದನ್ನು ಮುಂದುವರಿಸಿ. ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗುವುದರಿಂದ ವೈದ್ಯರನ್ನು ಅಂದೇ ಕಾಣುವುದು ಮೇಲು. ಹಿಂದೆ ಪೆನಿಸಿಲಿನ್ ಒಗ್ಗದೆ ಹೋಗಿದ್ದರೆ ಅದನ್ನು ಮೊದಲೇ ಹೇಳಿ.

ಮಾಡಬಾರದ್ದು ಇಷ್ಟು: ವ್ಯಾಯಾಮ, ಒತ್ತುಪಟ್ಟಿ, ಬಿಸಿ ಶಾಖ, ತಿಕ್ಕುವುದು, ಕೀವಿಲ್ಲದ ಕಡೆ ಚುಚ್ಚಿ ನೀರು ಬಿಡಿಸುವುದು, ಸುಡಿಸಿಕೊಳ್ಳುವುದು, ಸೊಪ್ಪು ಅರೆದು ಕಟ್ಟುವುದು. ಜ್ವರ ಇದ್ದಾಗ ಜಂತುವಿನ ಮಾತ್ರೆ ನುಂಗುವುದರಿಂದಲೂ ಪ್ರಯೋಜನವಿಲ್ಲ, ಆ ಹೊತ್ತಿನ ಶತ್ರು ಬೇರೆ. ಪ್ರಜ್ಞೆ ಮಸುಕಾದರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಚರ್ಮ ಕಪ್ಪಗಾಗುತ್ತಿದ್ದರೆ, ಔಷಧ ಆರಂಭಿಸಿ ಎರಡು ದಿನವಾದರೂ ಕೆಂಪು ಹರಡುತ್ತಲೇ ಇದ್ದರೆ ಆಸ್ಪತ್ರೆಗೆ ದಾಖಲಾಗಬೇಕು.

ಕಾಲಿನ ಆಚೆಗೆ

ಈ ರೋಗದಿಂದ ಕಾಲೂತ ಇರುವವರು 1.5 ಕೋಟಿಗೂ ಹೆಚ್ಚು ಎಂದೂ, ವೃಷಣದಲ್ಲಿ ನೀರು ತುಂಬುವ ಹೈಡ್ರೋಸೀಲ್ ಇರುವ ಗಂಡಸರು 2.5 ಕೋಟಿ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬಟ್ಟೆಯ ಮರೆಯಲ್ಲಿರುವ ಈ ಎರಡನೆಯ ತೊಂದರೆಯ ಬಗ್ಗೆ ಮಾತೇ ಕಡಿಮೆ, ಆದರೆ ಅದಕ್ಕೆ ಶಸ್ತ್ರಚಿಕಿತ್ಸೆಯಿದೆ ಮತ್ತು ಬಹುಪಾಲು ಜನರಿಗೆ ಪೂರ್ತಿ ಗುಣವಾಗುತ್ತದೆ. ನಾಚಿಕೆಯಿಂದ ವರ್ಷಗಟ್ಟಲೆ ಮುಂದೂಡುವ ಅಗತ್ಯವಿಲ್ಲ. ಮೂತ್ರ ಹಾಲಿನಂತೆ ಬೆಳ್ಳಗಾದರೂ ವೈದ್ಯರಿಗೆ ತಿಳಿಸಿ, ಅದೂ ಇದೇ ರೋಗದ ಒಂದು ರೂಪವಿರಬಹುದು.

ಮನೆಯವರು ಮಾಡಬಹುದಾದ ದೊಡ್ಡ ಸಹಾಯವೆಂದರೆ ನೀರು ತಂದಿಡುವುದು, ಕಾಣದ ಜಾಗಗಳನ್ನು ನೋಡಿ ಹೇಳುವುದು, ಮತ್ತು ರೋಗಿಯನ್ನು ಸಮಾರಂಭಗಳಿಂದ ಹೊರಗಿಡದಿರುವುದು. ದೀರ್ಘಕಾಲದ ಊತ ಇರುವವರಲ್ಲಿ ಖಿನ್ನತೆ ಸಾಮಾನ್ಯ. ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ವಾರಗಟ್ಟಲೆ ನಡೆದರೆ ಅದನ್ನೂ ಕಾಲಿನ ಗಾಯದಷ್ಟೇ ಗಂಭೀರವಾಗಿ ವೈದ್ಯರ ಮುಂದಿಡಬೇಕು. ರಾತ್ರಿ ಸೊಳ್ಳೆಪರದೆಯೊಳಗೆ ಮಲಗುವುದು ಮನೆಯ ಎಲ್ಲರಿಗೂ ಅನ್ವಯಿಸುವ ಮಾತು.

ಕೊನೆಯದಾಗಿ, ಒಂದು ಸಣ್ಣ ಪುಸ್ತಕದಲ್ಲಿ ಲೆಕ್ಕ ಇಡಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಎದ್ದ ಕೂಡಲೇ, ಹರಡಿನ ಮೇಲೆ ಮತ್ತು ಮೀನಖಂಡದ ದಪ್ಪ ಭಾಗದಲ್ಲಿ, ಪ್ರತಿ ಸಲ ನೆಲದಿಂದ ಅದೇ ಎತ್ತರದಲ್ಲಿ, ಟೇಪು ಸುತ್ತಿ ಅಳತೆ ಬರೆಯಿರಿ. ಅದರ ಪಕ್ಕದಲ್ಲಿ ಜ್ವರ ಬಂದ ದಿನಾಂಕ, ಎಷ್ಟು ದಿನ ಇತ್ತು, ಆ ಸಲ ಗಾಯ ಎಲ್ಲಿ ಕಂಡಿತು ಎಂಬುದನ್ನು ನಮೂದಿಸಿ. ಆರೈಕೆ ಫಲ ಕೊಡುತ್ತಿದೆಯೇ ಎಂದು ಮೊದಲು ಹೇಳುವುದು ಜ್ವರದ ಸಾಲು. ವರ್ಷದಲ್ಲಿ ಐದಾರು ಸಲ ಬರುತ್ತಿದ್ದದ್ದು ಒಂದೆರಡಕ್ಕೆ ಇಳಿದಿದ್ದರೆ, ಟೇಪಿನ ಅಳತೆ ಇನ್ನೂ ಅಷ್ಟೇ ಇದ್ದರೂ, ಮಾಡುತ್ತಿರುವ ಕ್ರಮ ಸರಿಯಾಗಿದೆ. ಒಂದೇ ಜಾಗದ ಗಾಯ ಮತ್ತೆ ಮತ್ತೆ ಪುಸ್ತಕದಲ್ಲಿ ಕಾಣುತ್ತಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಆ ಜಾಗವನ್ನೇ.